ಬೆನ್ನ ಕಡೆಯ ದಡ

ಬರಬೇಕಾದವಳು ನಾನಲ್ಲ.
ಪಟ್ಟಿಯಲ್ಲಿದ್ದದ್ದು ಡಾಕ್ಟರ್ ಹೆಲೆನಾ ಸೋನ್ಸ್;
ಹೊರಡುವ ವಾರ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡರು.
ಪಾಸ್‌ಪೋರ್ಟ್ ಇದ್ದವಳು ಸಭೆಯಲ್ಲಿ ಇನ್ನೊಬ್ಬಳೇ, ನಾನು,
ಕನ್ನಡಕದಂಗಡಿಯಲ್ಲಿ ಕಡ್ಡಿ ಕೂರಿಸುವವಳು.
ಕರ್ತನ ಚಿತ್ತ, ಅಂದರು ಪಾಸ್ಟರು, ಬಲು ಸಲೀಸಾಗಿ,
ತಿಂಡಿಗೇನು ಎಂದರೆ ಉಪ್ಪಿಟ್ಟು ಅಂದ ಹಾಗೆ.

ಮೂರು ವಿಮಾನ. ಬೊಲಿವಿಯಾ.
ಒಂಬೈನೂರು ಕನ್ನಡಕ ಸುಂಕದ ಕಟ್ಟೆಯಲ್ಲೇ ಉಳಿದವು,
ಅವುಗಳ ಬೆನ್ನುಹತ್ತಿ ಗುಂಪಿನವರು ಪೇಟೆಯಲ್ಲಿ ಉಳಿದರು,
ಒಂದು ದಿನ ಮುಂಚಿತವಾಗಿ ಹೊರಟ ನನ್ನ ಬಸ್ಸನ್ನು
ಸರೋವರದ ಅಂಚಿನಲ್ಲಿ ಕಲ್ಲು, ಉರಿಯುವ ಟಯರು,
ಸಂಪು ಹೂಡಿದ ಲಾರಿಯವರು ತಡೆದರು.
ರಸ್ತೆ ಯಾವಾಗ ತೆರೆಯುತ್ತದೆ?
ಯಾರೂ ಹೇಳಲಿಲ್ಲ, ನನಗೆ ತಿಳಿಯುವ ಮಾತಿನಲ್ಲಂತೂ.

ಆ ರಾತ್ರಿ ಬಿಲ್ಲು ಬರೆದಂತೆ ಪ್ರಾರ್ಥಿಸಿದೆ:
ಕರ್ತನೇ, ಪೆಟ್ಟಿಗೆ ಹದಿನಾಲ್ಕು. ರಸ್ತೆ ಒಂದು.
ಗುರುತಿನ ಮುಖ, ಕಡೇಪಕ್ಷ ಒಂದು.
ಗುರುವಾರದೊಳಗೆ.
ಗುರುವಾರ ಬಂದದ್ದು ಆಲಿಕಲ್ಲು.

ದೋನ್ಯಾ ಸೆವೆರೀನಾ ಏನೂ ಕೇಳದೆ ಹಾಸಿಗೆ ಕೊಟ್ಟಳು,
ಮೇಲೆ ಐದು ಕಂಬಳಿ, ಒಂದೊಂದೂ ಒಂದೊಂದು ಕುರಿಯಷ್ಟು ಭಾರ.
ಇರುಳ ಹಿಮಕ್ಕೆ ಹರವಿ, ಹಗಲು ಕಾಲಲ್ಲಿ ತುಳಿದು
ಕಪ್ಪಗೆ ಒಣಗಿಸಿದ ಆಲೂಗಡ್ಡೆ ಬೇಯಿಸಿದಳು.
ಮೊದಲ ತುತ್ತು ಮಣ್ಣು ಅನ್ನಿಸಿತು.
ನಾಲ್ಕನೆಯ ದಿನ ಎರಡನೇ ಸಲ ಬಡಿಸಿಕೊಂಡೆ.

ಅವಳ ಕನ್ನಡಕದ ಕಡ್ಡಿಗೆ ಕೆಂಪು ಉಣ್ಣೆದಾರ ಕಟ್ಟಿತ್ತು.
ನನ್ನ ಕೈಚೀಲದಲ್ಲಿ ಉಳಿದದ್ದು
ಅಂಗೈಯಲ್ಲಿ ಮುಚ್ಚಿಹೋಗುವ ಡಬ್ಬಿ: ಒಂದು ಸ್ಕ್ರೂಡ್ರೈವರ್,
ಸಾಸಿವೆಯಂಥ ತಿರುಪುಗಳು.
ಒಂದನ್ನು ಕೂರಿಸಿದೆ. ಅಷ್ಟೇ.
ಮರುದಿನ ಬೆಳಿಗ್ಗೆ ತಗಡಿನ ಚಾವಣಿಯ ಪ್ರಾರ್ಥನಾಲಯದ ಬಾಗಿಲಲ್ಲಿ
ಹನ್ನೊಂದು ಜನ, ತಂತಿ ಬಿಗಿದ, ಅಂಟು ಮೆತ್ತಿದ
ತಮ್ಮ ತಮ್ಮ ಕಣ್ಣುಗಳನ್ನು ಬೊಗಸೆಯಲ್ಲಿ ಹಿಡಿದು ನಿಂತಿದ್ದರು.

ಮುಂದೇನು, ಮುಂದೇನು ಎಂದು ನಾನು ಕೈಮಾಡಿ ಕೇಳುತ್ತಿದ್ದೆ,
ರಸ್ತೆಯ ಕಡೆಗೆ, ಎದುರಿಗೆ.
ಸೆವೆರೀನಾ ನಕ್ಕು, ಹೆಬ್ಬೆರಳನ್ನು ಭುಜದ ಮೇಲಿಂದ
ಹಿಂದಕ್ಕೆ ತೋರುತ್ತಿದ್ದಳು.
ಶಾಲೆಯ ಮೇಷ್ಟ್ರು ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು:
ಐಮಾರಾದಲ್ಲಿ ಕಣ್ಣಿಗೂ ಕಳೆದ ಕಾಲಕ್ಕೂ ಒಂದೇ ಪದ, ನೈರ.
ಕಂಡದ್ದು ಎದುರಿಗಿದೆ.
ನಾಳೆ ಬೆನ್ನ ಹಿಂದೆ; ಅಲ್ಲಿ ಯಾರಿಗೆ ಕಣ್ಣಿದೆ?

ಎಂಥ ತಿರುಗಾಮುರುಗಾ ಭಾಷೆ, ಅಂದುಕೊಂಡೆ.
ಆಮೇಲೆ ಐದು ಕಂಬಳಿಯ ಕೆಳಗೆ, ನಿದ್ದೆ ಬಾರದೆ,
ನಮ್ಮದೇ ಮಾತೊಂದು ನಾಲಿಗೆಗೆ ತೊಡರಿತು: ಮುಂಚೆ.
ಮುಂಚೆ ಅನ್ನುತ್ತೇವಲ್ಲ, ಮುನ್ನ ಅನ್ನುತ್ತೇವಲ್ಲ,
ಕಳೆದುಹೋದದ್ದನ್ನು ಮುಂದಿಟ್ಟುಕೊಂಡು.
ನಾವೂ ಎಂದೋ ಹೀಗೇ ಕೂತಿದ್ದೆವೇನೋ.

ಒಂಬತ್ತನೆಯ ದಿನ ತಿಬೂರ್ಸಿಯೋ ದೋಣಿ ತಂದ.
ರಸ್ತೆ ಇನ್ನೂ ತೆರೆದಿರಲಿಲ್ಲ;
ಆಚೆ ದಡದ ಊರಲ್ಲೂ ಕನ್ನಡಕಗಳು ಮುರಿದಿವೆಯಂತೆ.
ತಿರುಪು ಉಳಿದದ್ದು ಇಪ್ಪತ್ತು.
ಹೋಗುವ ಕಡೆಗೆ ಬೆನ್ನು ಮಾಡಿ ಕೂತು
ಅವನು ಹುಟ್ಟು ಹಾಕಿದ.
ಅವನ ಭುಜದಾಚೆ ನನಗೆ ಕಂಡದ್ದು ಬರೀ ಮಂಜು.
ದಾರಿ ಹೇಗೆ ತಿಳಿಯುತ್ತದೆ?
ಗದ್ದ ಎತ್ತಿ ನನ್ನ ಹಿಂದೆ ತೋರಿಸಿದ:
ಬಿಟ್ಟುಬಂದ ದಡದ ತಗಡಿನ ಚಾವಣಿ,
ಅದರ ನೆತ್ತಿಗೆ ಸರಿಯಾಗಿ ಹಿಮದ ಶಿಖರ.
ಎರಡೂ ಒಂದೇ ಗೆರೆಯಲ್ಲಿರುವ ತನಕ
ದೋಣಿ ನೆಟ್ಟಗೆ.

ನಾನೂ ತಿರುಗಿ ಕೂತೆ.
ಚಾವಣಿ ಅಂಗೈಯಷ್ಟಾಯಿತು, ಉಗುರಿನಷ್ಟಾಯಿತು.
ಹೆಲೆನಾರ ಕಾಲು, ಬಾರದ ಪೆಟ್ಟಿಗೆ, ಆಲಿಕಲ್ಲಿನ ಗುರುವಾರ,
ಎಲ್ಲವೂ ಆ ಗೆರೆಯ ಮೇಲಿದ್ದವು ಎಂದು ಹೇಳಲಾರೆ;
ಕೆಲವು ಇದ್ದವು.
ಬೆನ್ನಿಗೆ ತಣ್ಣನೆ ಗಾಳಿ. ಹೆದರಿಕೆ ಹೋಗಿರಲಿಲ್ಲ.
ಸ್ತೋತ್ರ, ಅಂದೆ, ಈ ಸಲ ಬಿಲ್ಲಿಲ್ಲದೆ.
ಡಬ್ಬಿಯಲ್ಲಿ ತಿರುಪುಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.
ಬೆನ್ನ ಹಿಂದೆ ಎಲ್ಲೋ ನಾಯಿ ಬೊಗಳಿತು;
ದಡ ಇರಬೇಕು.