ಬಿಟ್ಟ ಸಂದು

ಸಂದು ಕಂಡ್ರ ಅಪ್ಪ ಉಳಿಯ ಹಿಡಿಕಿಲೆ ಬೆರಳಿಗಿ ಹೊಡೀತಿದ್ದ.
ಕೂಡಿಸಿದ ಮೂಲ್ಯಾಗ ಕಾಗದ ತೂರಿಸಿ ನೋಡತಿದ್ದ.
ಕಾಗದ ಹೋತಂದ್ರ ಅವತ್ತು ಊಟದ ಮಾತಿಲ್ಲ.

ಪುಣೆಯ ಭವಾನಿ ಪೇಠ, ಕಟಗಿ ಬಜಾರದಾಗ
ಆ ಕೈ ಇಟಗೊಂಡೇ ಇಪ್ಪತ್ತೆರಡು ವರ್ಷ ಉಂಡೀನಿ:
ಬಾಗಿಲಾ, ತೊಟ್ಟಿಲಾ, ದೇವರ ಮಾಡ,
ಒಂದ್ಸಲ ಒಂದು ಹಾರ್ಮೋನಿಯಂ ಪೆಟ್ಟಿಗಿ.

ಸಹಕಾರನಗರದ ಕುಂದಾ ಬಾಪಟ ಬಾಯಿ
ಹಾಳ್ಯಾಗ ಬರದು ತಂದ್ಲು ಜೇನಿನ ಮನಿ.
ನಾಕು ಕಾಲಿನ ಸ್ಟ್ಯಾಂಡು, ಕಾಲಿಗೊಂದು ನೀರಿನ ಬಟ್ಟಲಾ,
ಇರಿವಿ ಹತ್ತಬಾರದು.
ಮ್ಯಾಲ ಅಡಿಮಣಿ, ಮುಂದ ಒಂದೀಟು ಚಾಚಿರಬೇಕು,
ದಣಿದು ಬಂದವರು ಇಳಿಯೋ ಕಟ್ಟಿಹಂಗ.
ಅದರ ಮ್ಯಾಲ ಸಂಸಾರದ ಕೋಣಿ,
ರಾಣಿ, ತತ್ತಿ, ಮರಿ ಎಲ್ಲಾ ಅಲ್ಲೇ.
ಅದರ ತಲಿ ಮ್ಯಾಲ ಗಿಡ್ಡ ಕೋಣಿ, ತುಪ್ಪಕ್ಕ.
ಎರಡರಾಗೂ ಕಚೇರಿ ಫೈಲು ನಿಲ್ಲಿಸಿಧಂಗ ಎಂಟೆಂಟು ಚೌಕಟ್ಟು.
ತಗಡಿನ ಟೊಪ್ಪಿಗಿ.

'ಸುತ್ತಲೂ ಎಂಟು ಮಿಲಿ ಸಂದು'
ಇದಷ್ಟು ಕೆಂಪು ಶಾಯಿಲೆ, ಕೆಳಗ ಎರಡು ಗೆರಿ.
ನಾ ನಕ್ಕೆ.
ಸಂದು ಬಿಡ್ಲಿಕ್ಕ ಬಡಿಗ್ಯಾ ಯಾಕ ಬೇಕು?
ಬಿಗಿಯಾಗಿ ಕೂಡಿಸಿ ಕೊಟ್ಟೆ, ಕಾಗದ ಹೋಗಧಂಗ.

ಹಿಡದು ತಂದು ಬಿಟ್ಟ ತುಡುವಿ
ಐದನೇ ದಿನ ರಾಣಿ ಸಮೇತ ಎದ್ದು ಹೋತು.
ರಿಕ್ಷಾದಾಗ ಪೆಟ್ಟಿಗಿ ತೊಡಿಮ್ಯಾಲ ಇಟಗೊಂಡು ಬಂದ ಬಾಯಿ
ಬೈಲಿಲ್ಲ. ಬೈದಿದ್ರ ಚಲೋ ಇತ್ತು.
ಚೌಕಟ್ಟಿಗೂ ಗ್ವಾಡಿಗೂ ನಡುವ ಉಗುರು ಇಟ್ಟು
'ಇಲ್ಲಿ ಅವು ನಡೀತಾವಪಾ' ಅಂದ್ಲು ಮರಾಠಿಯೊಳಗ.
'ಕಡಿಮಿ ಆದ್ರ ಹಾದಿ ಇಲ್ಲ.
ಜಾಸ್ತಿ ಆದ್ರ, ಖಾಲಿ ಯಾಕಂತ ಅಲ್ಲೂ ಎರಿ ಕಟ್ಟತಾವ.'

ಅವತ್ತ ರಾತ್ರಿ ಗುಲ್ಟೇಕಡಿಯ ಖೋಲ್ಯಾಗ
ಆರು ಮಂದಿ ಮಲಗಿದ್ವಿ, ಅಡ್ಡ ಇಬ್ಬರು, ಉದ್ದ ನಾಕು.
ನೀರು ಬಿಡೋ ಹೊತ್ತು, ಮೂರಕ್ಕ, ಶಾವಂತ್ರಿ ಎದ್ದು
ದೀಪ ಹಚ್ಚದ, ಯಾರನ್ನೂ ತುಳೀದ,
ಪಾದ ಅಡ್ಡ ಮಾಡಿ ನಳದ ತನಕ ಹೋದ್ಲು.
ಕಣ್ಣು ಮುಚ್ಚಿಕೊಂಡೇ ನಾ ಅಳತಿ ತಗೊಂಡೆ.

ಎಂಟು ಮಿಲಿಯ ಒಂದು ಚಕ್ಕಿ ಕೆತ್ತಿ
ಎರಡನೇ ಪೆಟ್ಟಿಗಿಗಿ ತೂರಿಸಿ ನೋಡಿದೆ.
ಹೋತು. ಎಲ್ಲಾ ಕಡೆ ಹೋತು.
ಕೈ ಮಾತ್ರ ನಡುಗತಿತ್ತು, ಹಿಂದ ಅಪ್ಪ ನಿಂತಂಗ.

ಬಾಯಿಯ ಮಾಳಿಗಿ ಮ್ಯಾಲ ಈಗ ಎರಡು ಚೈತ್ರ ಆತು,
ಅವು ಅಲ್ಲೇ ಅದಾವ.

ಮೊದಲನೇ ಪೆಟ್ಟಿಗಿ ನನ್ನ ಅಂಗಡ್ಯಾಗದ.
ಮೊಳಿ ತುಂಬೀನಿ.
ಮುಚ್ಚಳ ಭಾಳ ಛಂದ ಕುಂದರತದ.