ಮೂರು ನಿಮಿಷ ಮುಂದೆ

ಮಳವಳ್ಳಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ
ಇಪ್ಪತ್ತೊಂಬತ್ತು ವರ್ಷ ಗಂಟೆ ಹೇಳಿದ್ದು
ಗೋಡೆಯ ಗಡಿಯಾರವಲ್ಲ. ಅದು ಯಾವುದೋ ಎಲೆಕ್ಷನ್ನಿಗೆ ಮುಂಚೆ
ಯಾರೋ ಕೊಟ್ಟದ್ದು, ಹತ್ತೂ ಹತ್ತಕ್ಕೆ ನಿಂತು
ನಗುಮುಖ ಮಾಡಿಕೊಂಡೇ ಇದೆ.
ಹೇಳಿದ್ದು ನನ್ನ ಎಡಗೈ.

ಮೊದಲ ಸಂಬಳದಲ್ಲಿ ಕೊಂಡದ್ದು, ಗಂಡಸರ ವಾಚು.
ಹೆಂಗಸರದರಲ್ಲಿ ಸೆಕೆಂಡಿನ ಮುಳ್ಳಿರಲಿಲ್ಲ.
ಅಂಗಡಿಯವನು, "ನಿಮಗ್ಯಾಕಮ್ಮ ಸೆಕೆಂಡು?" ಅಂದ.
ನಾಡಿ ಎಣಿಸೋಕೆ, ಅಂದೆ.
ಸುಮ್ಮನೆ ಪಟ್ಟಿಗೆ ಎರಡು ತೂತು ಹೆಚ್ಚಿಗೆ ಕೊರೆದುಕೊಟ್ಟ.

ಹೊಸದಾಗಿ ಬಂದ ಬಿಂದುಶ್ರೀ ಕೇಳುತ್ತಾಳೆ:
"ಇನ್ನೂ ಯಾಕೆ ಸಿಸ್ಟರ್ ಕೀ ಕೊಡೋ ವಾಚು?
ಫೋನಿಗೆ ಆಕಾಶದಿಂದ ಟೈಮ್ ಬರುತ್ತೆ,
ಒಂದು ಸೆಕೆಂಡೂ ಆಚೀಚೆ ಆಗಲ್ಲ."
ನಿಜ. ನನ್ನದು ಮೂರು ನಿಮಿಷ ಮುಂದೆ.
ಅವಳು ಗಂಟೆ ನೋಡಲೆಂದು ಫೋನು ತೆಗೆಯುತ್ತಾಳೆ,
ಅತ್ತಿಗೆಯ ಮೆಸೇಜು, ಯಾರದೋ ನಾಮಕರಣದ ಫೋಟೋ,
ಸೀರೆ ಮೇಲೆ ಅರ್ಧಕ್ಕರ್ಧ ರಿಯಾಯಿತಿ,
ನಕ್ಕು ಒಳಗಿಡುತ್ತಾಳೆ.
"ಎಷ್ಟಾಯ್ತು?" ಅಂದರೆ
ಮತ್ತೆ ತೆಗೆಯುತ್ತಾಳೆ.

ಹೆರಿಗೆ ಮೇಜಿನ ಹತ್ತಿರ ಅದೂ ಆಗದು.
ಮೊಣಕೈವರೆಗೆ ಗ್ಲೌಸು, ಗ್ಲೌಸಿನ ತುಂಬ ನೆತ್ತರು,
ಆ ಬೆರಳನ್ನು ಯಾವ ಫೋನೂ ಗುರುತು ಹಿಡಿಯುವುದಿಲ್ಲ.
ಆ ಹೊತ್ತು ವಾಚು ನನ್ನ ಎದೆಯ ಮೇಲೆ
ಸೇಫ್ಟಿ ಪಿನ್ನಿನಲ್ಲಿ ತೂಗುತ್ತದೆ,
ನೋಡುವವರಿಗೆ ತಲೆಕೆಳಗು,
ಬಗ್ಗಿ ನಿಂತ ನನಗೆ ನೆಟ್ಟಗೆ.

ಹೊರಗೆ ಬಾಗಿಲಿಗೆ ಕಿವಿಯಿಟ್ಟು ಅಜ್ಜಿಯರು.
ಗಂಡೋ ಹೆಣ್ಣೋ ಕೇಳುವ ಮೊದಲೇ ಕೆಲವರು:
"ಸರ್ಯಾಗ್ ಎಷ್ಟ್ ಗಂಟೆಗ್ ಹುಟ್ತು ಯೋಳವ್ವಾ,
ಐನೋರು ಕೇಳ್ತರೆ. ಅಶ್ವಿನಿ ಮುಗುದು ಭರಣಿ ಬಂದಿದ್ದದಾ?"
ಎದೆ ನೋಡಿಕೊಂಡು ಹೇಳಿದೆ. ಅದನ್ನೇ ಬರೆದೆ.
ಈ ತಾಲ್ಲೂಕಿನ ಎಷ್ಟು ಜಾತಕಗಳು
ನನ್ನ ಮೂರು ನಿಮಿಷದ ಮೇಲೆ ನಿಂತಿವೆಯೋ,
ಎಷ್ಟು ಮದುವೆ ಕೂಡಿಬಂತೋ, ಯಾರಿಗೆ ಶನಿ ತಪ್ಪಿತೋ,
ದೇವರಾಣೆ, ನನಗೆ ಗೊತ್ತಿಲ್ಲ.

ಸರಿಮಾಡಬಹುದಿತ್ತು. ಕೀ ಎಳೆದು ತಿರುಗಿಸಿದರೆ ಮುಗಿಯಿತು.
ಆದರೆ ಒಂದು ಆಷಾಢದ ರಾತ್ರಿ, ಕರೆಂಟು ಹೋಗಿ,
ಟಾರ್ಚಿನ ಬೆಳಕಲ್ಲಿ ಬಂದ ಕೂಸು ಅಳಲಿಲ್ಲ.
ನೀಲಿ.
ಬಾಯಿ ಒರೆಸಿದೆ, ಬೆನ್ನುಜ್ಜಿದೆ, ಅಂಗಾಲು ತಟ್ಟಿದೆ,
ಕಣ್ಣು ಸೆಕೆಂಡಿನ ಮುಳ್ಳಿನ ಮೇಲೆ.
ಮುಳ್ಳು ಅಂತ ಮೊದಲು ಕರೆದವರು ಯಾರೋ,
ಅವರೂ ಹೀಗೊಮ್ಮೆ ಕಾದಿರಬೇಕು.
ಹದಿನೈದು. ಮೂವತ್ತು. ನಲವತ್ತೊಂದು.
ಆಮೇಲೆ ಕೆಮ್ಮಿನಂಥ ಒಂದು ಸದ್ದು,
ಆಮೇಲೆ ಊರೇ ಏಳುವಂಥ ಅಳು.

ಎಲ್ಲ ರಾತ್ರಿಯೂ ಹಾಗೆ ಮುಗಿಯಲಿಲ್ಲ.
ಆ ಕಾಲಂಗಳನ್ನೂ ನಾನೇ ತುಂಬಿದ್ದೇನೆ.

ಫೋನಿನ ಗಂಟೆಗೆ ಮುಳ್ಳಿಲ್ಲ, ಬರೀ ಅಂಕಿ:
ನಲವತ್ತು ಇತ್ತು, ಈಗ ನಲವತ್ತೊಂದು,
ನಡುವೆ ಏನೂ ಆಗಲೇ ಇಲ್ಲವೆಂಬಂತೆ.
ಮಾರನೆಯ ಬೆಳಗ್ಗೆ ಕೀ ಕೊಟ್ಟೆ.
ಮೂರು ನಿಮಿಷವನ್ನು ಮುಟ್ಟಲಿಲ್ಲ.
ಮೂಢನಂಬಿಕೆ ಅನ್ನಿ. ಐನೋರಿಗಿಂತ ನಾನೇನು ಕಮ್ಮಿ?

ನಿನ್ನೆ ಬನ್ನೂರು ಬಸ್ಸಿನಲ್ಲಿ ಪಕ್ಕದ ಹುಡುಗ,
ಇಪ್ಪತ್ತು ಇದ್ದಾನು, ಫೋನು ಸತ್ತಿತ್ತು,
"ಟೈಮೆಷ್ಟು ಆಂಟಿ?" ಅಂದ.
ವಾಚು ಆರೂ ನಲವತ್ತೇಳು ತೋರಿಸುತ್ತಿತ್ತು.
ಆರೂ ನಲವತ್ನಾಲ್ಕು, ಅಂದೆ.
ದಾರಿಯಲ್ಲಿ ಕೇಳಿದವರಿಗೆಲ್ಲ ಮೂರು ಕಳೆದೇ ಹೇಳಿದ್ದೇನೆ,
ಹೆರಿಗೆ ಕೋಣೆಯಲ್ಲಿ ಮಾತ್ರ ಒಮ್ಮೆಯೂ ಕಳೆದಿಲ್ಲ.
ಇದು ಹೊಳೆದದ್ದು ನಿನ್ನೆ, ಆ ಸೀಟಿನಲ್ಲಿ.
ನೀನು ಹುಟ್ಟಿದ್ದು ಎಲ್ಲಪ್ಪಾ, ಅಂತ ಕೇಳಬೇಕೆನ್ನುವಷ್ಟರಲ್ಲಿ
ಕಿರುಗಾವಲು ಬಂತು.
ಇಳಿದುಬಿಟ್ಟ.