ಮೂರನೇ ನಂಬರಿನ ಕಡ್ಡಿ

ನಿನ್ನ ಹೆಣಿಗೆಯ ಚೀಲದಿಂದ ಕದ್ದದ್ದು ನಾನೇ, ಡೆನ್ಜಿಲ್.
ಮಂಕು ಹಸಿರಿನ ಅಲ್ಯೂಮಿನಿಯಂ ಕಡ್ಡಿ,
ತಲೆಯ ಬಿಲ್ಲೆಯಲ್ಲಿ ಒತ್ತಿದ ಅಂಕಿ ಮೂರು.
ನೀನು ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದೆ.
ಆಮ್ಲಜನಕದ ಯಂತ್ರ ನಿನ್ನ ಪಾಲಿನ ಉಸಿರನ್ನು
ಎಣಿಸಿ ಎಣಿಸಿ ಕೊಡುತ್ತಿತ್ತು,
ಜಿಪುಣ ಅಂಗಡಿಯವನ ಹಾಗೆ.

ಪೇಟೆಯಲ್ಲಿ ಸಿಗುತ್ತದೆ, ಗೊತ್ತು:
ಹಗ್ಗ ಬಿಗಿಯುವ ಪುಟ್ಟ ಕೊಂಡಿ, ಜೋಡಿಗೆ ಹದಿನೆಂಟು ಡಾಲರು.
ಮೂವತ್ತು ವರ್ಷ ಶಾಲಾ ಬಸ್ಸುಗಳ ಹೊಟ್ಟೆಯಡಿ ಅಂಗಾತ ಮಲಗಿ
ಬೋಲ್ಟು ತಿರುಗಿಸಿದವಳು ನಾನು.
ಬಿಗಿಯುವುದನ್ನೂ ದುಡ್ಡು ಕೊಟ್ಟು ತರಲೇ?

ಕಡ್ಡಿಯೊಂದಕ್ಕೆ ನಾಲ್ಕು ತುಂಡು.
ಮೊದಲನೆಯದು ಇಕ್ಕಳದಲ್ಲಿ ಟಕ್ಕೆಂದಿತು.
ಎರಡನೆಯದೂ.
ಆಗ ನೆನಪಾಯಿತು ಡಿಪೋದ ಮುದುಕ ಕ್ಲೀಟಸ್ ಹೇಳಿದ್ದು:
ಸೋಪು ಉಜ್ಜು, ಕೆಳಗಿನಿಂದ ಉರಿ ಕೊಡು,
ಸೋಪು ಕಪ್ಪಾದದ್ದೇ ತೆಗಿ.
ಇದು ಕಬ್ಬಿಣವಲ್ಲ ತಾಯಿ, ಕೆಂಪಾಗಿ ಎಚ್ಚರಿಸುವುದಿಲ್ಲ,
ಸುಮ್ಮನಿದ್ದು ಸುಮ್ಮನಿದ್ದು
ಒಂದೇ ಸಲಕ್ಕೆ ಕರಗಿ ಬೀಳುತ್ತದೆ.

(ನಿಮ್ಮ ಮನೆತನದ ಗಂಡಸರ ಹಾಗೆ,
ಎಂದುಕೊಂಡೆ. ಹೇಳಲಿಲ್ಲ.)

ಬಟ್ಟೆ ಸೋಪಿನ ಗೆರೆ, ಗ್ಯಾಸ್ ಟಾರ್ಚಿನ ನೀಲಿ ನಾಲಿಗೆ.
ಹಳದಿ ಕಂದಾಯಿತು, ಕಂದು ಕಪ್ಪಾಯಿತು.
ನೀರಿಗೆ ಅದ್ದಿದೆ. ಬಗ್ಗಿಸಿದೆ. ಬಗ್ಗಿತು,
ಅತ್ತು ಮುಗಿಸಿದ ಮಗು ತೋಳಿಗೆ ಒರಗಿದ ಹಾಗೆ.
ಇತ್ತ ಒಂದು ಕಣ್ಣು, ಅತ್ತ ಒಂದು ಕೊಕ್ಕೆ,
ನಡುವೆ ಸಣ್ಣ ಗೂನು; ಹಗ್ಗ ಅಲ್ಲಿ ಸುತ್ತಿ
ತನ್ನನ್ನು ತಾನೇ ತುಳಿದು ನಿಲ್ಲುವುದು.
ಎಳೆದಷ್ಟೂ ಹಿಡಿತ.

ಅಂಚು ಉಳಿದರೆ ಹಗ್ಗ ಕೊಯ್ಯುತ್ತದೆ. ಅರ ಹಿಡಿದೆ.
ನನ್ನ ಬೆರಳನ್ನು ನಂಬುವ ಹಾಗಿಲ್ಲ, ಗ್ರೀಸು ತಿಂದು ದಡ್ಡಾಗಿದೆ.
ಹಳೆಯ ನೈಲಾನ್ ಕಾಲುಚೀಲದ ಮೇಲೆ ಎಳೆದು ನೋಡಿದೆ,
ಎಳೆ ಸಿಕ್ಕಿತೋ, ಮತ್ತೆ ಅರ,
ಎಳೆ ಸಿಕ್ಕದೆ ಜಾರುವ ತನಕ.

ಅಂಚೆ ಕಚೇರಿಯ ಲುವೆಲ್ಲಾ ತೂಗಿ ಕೊಟ್ಟಳು:
ಒಂದು ಸೆಂಟಿನ ನಾಣ್ಯದಷ್ಟೂ ಇಲ್ಲ.
‘ಇದಕ್ಕೆ ಸ್ಟಾಂಪೇ ಭಾರ’ ಎಂದಳು.
ಗುಲಗಂಜಿ ಗುಲಗಂಜಿ ಕಳೆಯುತ್ತ ಚೀಲ ಕಟ್ಟಿದೆ,
ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಗರಗಸಕ್ಕಿಟ್ಟೆ.
ನೀನು ನಕ್ಕೆ: ಆ ಹೊಟ್ಟೆಯನ್ನು ಎಲ್ಲಿ ಕತ್ತರಿಸುತ್ತಿ?
ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತಾಗಿ,
ಆಮೇಲೆ ಕೇಳಿದೆ: ಮೂರರ ಜೋಡಿ ಎಲ್ಲಿ?

ಅರ್ಧ ಟೋಪಿ ನೇತಾಡುತ್ತಿತ್ತು ಒಂಟಿ ಕಡ್ಡಿಗೆ.
ನಾನು ಜೇಬಿನಿಂದ ಕೊಂಡಿ ತೆಗೆದು ತೋರಿಸಿದೆ.
ನೀನು ಏನೂ ಅನ್ನಲಿಲ್ಲ.
ಅದರ ಕಣ್ಣಿಗೆ ಉಣ್ಣೆಯ ಎಳೆ ಪೋಣಿಸಿ ಜಗ್ಗಿ ನೋಡಿದೆ, ಎರಡು ಸಲ.
ಆಮೇಲೆ ನಾಲ್ಕನೇ ನಂಬರಿನದೊಂದು ಹುಡುಕಿ ತೆಗೆದು
ಮೂರಕ್ಕೆ ನಾಲ್ಕನ್ನು ಜೊತೆಮಾಡಿ ಮುಂದುವರಿಸಿದೆ.

ಈಗ ಟೀಬೆರಿ ದಿಣ್ಣೆಯ ನೆತ್ತಿಯಲ್ಲಿ
ಎರಡು ಹಿಕರಿ ಮರಗಳ ನಡುವೆ ಜೋಲಿ ಕಟ್ಟಿ ಮಲಗಿದ್ದೇನೆ.
ಇದೇ ಬೆಟ್ಟದ ಒಳಗೆ ಇಪ್ಪತ್ತಾರು ವರ್ಷ ಇದ್ದೆ ನೀನು,
ಮೇಲೆ ಒಂದು ರಾತ್ರಿಯೂ ಕಳೆದವನಲ್ಲ.
ಕೇಳಿದ್ದೆಯಲ್ಲ, ಅಲ್ಲಿ ಗಾಳಿ ಹೇಗಿದೆ ಅಂತ?
ಹೇರಳವಾಗಿದೆ, ಡೆನ್ಜಿಲ್. ಪುಕ್ಕಟೆ.
ಬೈಯಬೇಕೆನಿಸುವಷ್ಟು.

ನಡುರಾತ್ರಿ ಮಳೆ ಬಂತು. ನೆನೆದ ನೈಲಾನು ಜೋತು
ಟಾರ್ಪಾಲಿನ ಮೂಲೆ ಪಟಪಟ ಬಡಿಯತೊಡಗಿತು.
ಟೋಪಿ ಕಿವಿಯ ಮೇಲೆ:
ಒಂದು ಸಾಲು ಬಿಗಿ, ಒಂದು ಸಾಲು ಸಡಿಲ,
ಸಡಿಲದಲ್ಲಿ ಚಳಿ ನುಗ್ಗುತ್ತದೆ, ಹೇಳಿಬಿಡುತ್ತೇನೆ.
ಜೋಲಿಯಿಂದ ಇಳಿಯಲಿಲ್ಲ. ಕೈ ಮಾತ್ರ ಚಾಚಿದೆ.
ಕತ್ತಲಲ್ಲಿ ಬಿಲ್ಲೆ ಸಿಕ್ಕಿತು,
ಅದರ ಮೇಲೆ ಮೂರು, ದಡ್ಡು ಬೆರಳಿಗೂ ತಿಳಿಯುವ ಹಾಗೆ.
ಜಗ್ಗಿದೆ.
ಬಡಿತ ನಿಂತಿತು.